ಕೆಂಪು ಹಾಸಿನ ಮೇಲೆ ಒಂದು ಒದ್ದೆ ಹೆಜ್ಜೆ

ಒಣಗುತ್ತಿದೆ, ಅಂಚಿನಿಂದ ಒಳಕ್ಕೆ, ಹಿಮ್ಮಡಿಯ ಅರ್ಧಚಂದ್ರ ಮಾತ್ರ ಇನ್ನೂ ಕಪ್ಪಗಿದೆ, ಪಕ್ಕದಲ್ಲಿ ಊರುಗೋಲಿನ ದುಂಡು ಗುರುತು — ಕೆಂಪು ಹಾಸಿನ ಮೇಲಿನ ಆ ಒಂದು ಒದ್ದೆ ಹೆಜ್ಜೆಯನ್ನೇ ನೋಡುತ್ತ ಬಾಗಿಲು ಕಾಯುವವಳು ನಿಂತಿದ್ದಾಳೆ, ಬೀಗದ ಕೈ ಅಂಗೈಯಲ್ಲಿ ಬೆವರುತ್ತಿದೆ, ಬೆನ್ನ ಹಿಂದೆ, ಮುಚ್ಚಿದ ಬಾಗಿಲಿನಾಚೆ, ಮೇಲ್ಮನೆಯ ಸದಸ್ಯರು ಮತಕ್ಕೆ ಎದ್ದು ನಿಲ್ಲುತ್ತಿರಬೇಕು, ಎಡಕ್ಕೆ ಮಸೂದೆಯ ಪರ ನಲವತ್ತೇಳು, ಬಲಕ್ಕೆ ವಿರುದ್ಧ ನಲವತ್ತೇಳು, ನಡುವೆ ಯಾವ ಪಕ್ಷಕ್ಕೂ ಸೇರದ ಒಬ್ಬ ಮುದುಕ, ಒಂದು ಕಾಲದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು, ನಾಮನಿರ್ದೇಶನಗೊಂಡು ಬಂದವನು, ತಕ್ಕಡಿಯ ಮುಳ್ಳಿನ ಹಾಗೆ ನಡುವೆ ಕೂರುತ್ತಾನೆಂದು ಸಿಬ್ಬಂದಿಯೆಲ್ಲ ಮುಳ್ಳಜ್ಜ ಅನ್ನುತ್ತಾರೆ, ಯಾವ ಕಡೆ ವಾಲುತ್ತಾನೆಂದು ಅವನ ಊರುಗೋಲಿಗೂ ಗೊತ್ತಿಲ್ಲ, ಸಮಸಮವಾದರೆ ಮಸೂದೆ ಬಿತ್ತು, ಬಿದ್ದರೆ ಇಲ್ಲೇ ನೆಲ ಒರೆಸುವ ಅವಳ ಅಕ್ಕನೂ ಬಿದ್ದಳು, ಸರ್ಕಾರಿ ಕಟ್ಟಡಗಳಲ್ಲಿ, ನಡುವೆ ಸೇವೆ ಮುರಿದಿದ್ದರೂ, ಒಟ್ಟು ಹತ್ತು ವರ್ಷ ಗುತ್ತಿಗೆಯಲ್ಲಿ ದುಡಿದವರನ್ನು ಖಾಯಂ ಮಾಡಬೇಕು, ಮಸೂದೆ ಅಂದರೆ ಅಷ್ಟೇ, ಒಂದು ಸಾಲು, ಆ ಒಂದು ಸಾಲಿಗೆ ಆರು ತಿಂಗಳು ಭಾಷಣ, ಗಂಟಲು ನೆನೆಸಲು ಬಿಸಿನೀರು, ಲೋಟ ಉರುಳಿದರೆ ಒರೆಸಲು ಅಕ್ಕ. ಈ ಮನೆಗೆ ಸಾವಿಲ್ಲ ಅನ್ನುತ್ತಾರೆ, ಕೆಳಮನೆ ವಿಸರ್ಜನೆಯಾದೀತು, ಇದು ಆಗದು, ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಜನ ಎದ್ದು ಹೋಗುತ್ತಾರೆ, ಅಷ್ಟೇ ಜನ ಬಂದು ಕೂರುತ್ತಾರೆ, ಬಡಗಿ ಬಂದು ಸೋತ ಪಕ್ಷದ ಮೇಜು ಕಿತ್ತು, ಗೆದ್ದ ಪಕ್ಷದ ಸಾಲಿಗೆ ತೆಳುಹಲಗೆಯ ಹೊಸ ಮೇಜು ಜೋಡಿಸುತ್ತಾನೆ, ಮನೆ ಮಾತ್ರ ಚಿರಂಜೀವಿ — ವಿಸರ್ಜನೆಯಾಗುವವಳು ಅಕ್ಕ, ಹನ್ನೊಂದು ತಿಂಗಳಿಗೊಮ್ಮೆ, ತಪ್ಪದೆ, ಒಂದು ದಿನ ಮನೆಯಲ್ಲಿ ಕೂರಿಸುತ್ತಾರೆ, ಮಾರನೆಯ ದಿನ ಹೊಸದಾಗಿ ಸೇರಿಸಿಕೊಳ್ಳುತ್ತಾರೆ, ಸೇವೆ ಮುರಿಯಿತಲ್ಲ, ಇನ್ನು ಹಕ್ಕು ಕೇಳುವ ಹಾಗಿಲ್ಲ, ಇಪ್ಪತ್ತಾರು ವರ್ಷದಿಂದ ಅಕ್ಕ ಹೊಸಬಳು.

ಬಕೆಟ್ಟು ಹಿಡಿದ ಕೈಯಲ್ಲೇ ತಂಗಿಯನ್ನು ಓದಿಸಿದಳು, ತಂಗಿ ಪರೀಕ್ಷೆ ಪಾಸಾಗಿ ಹಿತ್ತಾಳೆ ಗುಂಡಿಯ ಕೋಟು ತೊಟ್ಟು ಬಂದ ದಿನ ಒರೆಸುವ ಕೋಲು ಎತ್ತಿ ಸಲಾಮು ಹೊಡೆದಳು, ಬಾಗಿಲಮ್ಮನೋರೇ, ಕಾಲು ಒರೆಸ್ಕೊಂಡು ಬನ್ನಿ, ಈ ನೆಲ ನಂದು. ನೆಲ ಅವಳದೇ, ಗೋಡೆಯಿಂದ ಗೋಡೆಗೆ ನೀರು ಹೊಯ್ದು ಒರೆಸಬೇಕು, ನಡುವೆ ಒಣದಾರಿ ಬಿಟ್ಟರೆ ಅರ್ಧ ಕೆಲಸ ಅಂತ ಅವಳ ಶಾಸ್ತ್ರ, ಇವತ್ತೂ ಹಾಗೇ, ಯಾರೋ ಚಹಾ ಚೆಲ್ಲಿದರು, ಅಕ್ಕ ಪಡಸಾಲೆ ಪೂರ್ತಿ ನೀರು ಹೊಯ್ದಳು, ಅಷ್ಟರಲ್ಲಿ ಮತಕ್ಕೆ ಕರೆಯುವ ಗಂಟೆ ಶುರುವಾಯಿತು, ಮೂರು ನಿಮಿಷ, ಗಂಟೆ ನಿಂತ ಕ್ಷಣ ಬೀಗ, ಮಂತ್ರಿಯಾದರೂ ಆಚೆಯೇ, ಎಲ್ಲರೂ ಇನ್ನೊಂದು ಬದಿಯ ಬಾಗಿಲಿಂದ ಒಳಕ್ಕೆ ಓಡಿದರು, ಮುಳ್ಳಜ್ಜ ಮಾತ್ರ ಆ ತುದಿಯಲ್ಲಿ, ನಡುವೆ ಕನ್ನಡಿಯಂಥ ನೆಲ, ಕೋಲು ಇಟ್ಟರೆ ಜಾರುತ್ತದೆ — ಅಯ್ಯೋ ಅಕ್ಕ, ಕೈಯಾರೆ ನಿನ್ನ ಖಾಯಮ್ಮನ್ನೇ ತೊಳೆದು ಹಾಕಿದೆಯಲ್ಲೇ, ಕೂಗುವ ಹಾಗಿಲ್ಲ, ಬಾಗಿಲು ಬಿಟ್ಟು ಕದಲುವ ಹಾಗಿಲ್ಲ. ಅಕ್ಕನಿಗೆ ಇದು ಯಾವ ಮಸೂದೆಯ ಗಂಟೆ, ಯಾರ ಮತ, ಒಂದೂ ಗೊತ್ತಿಲ್ಲ, ಗೊತ್ತಿದ್ದದ್ದು ಮುದುಕ ಬೀಳಬಾರದು ಅನ್ನುವುದಷ್ಟೇ, ಎರಡು ಒಣಬಟ್ಟೆ ತಂದು ಒಂದನ್ನು ಹಾಸಿದಳು, ಕಾಲಿಡಿ ತಾತ, ಮುಂದೆ ಇನ್ನೊಂದು, ಹಿಂದಿನದನ್ನು ಎತ್ತಿ ಮತ್ತೆ ಮುಂದೆ, ಒರೆಸಿದೋಳೂ ನೀನೇ, ದಾಟಿಸೋಳೂ ನೀನೇನಾ, ಹೂಂ ತಾತ, ನಾನೇ ಮಾಡಿದ್ದು ನಾನೇ ಉಣ್ಣಬೇಕಲ್ಲ, ಎಷ್ಟು ವರ್ಷ ಆಯ್ತು ತಾಯಿ ಇಲ್ಲಿ, ಇಪ್ಪತ್ತಾರು, ಖಾಯಂ ಅಲ್ವಾ, ಹನ್ನೊಂದು ತಿಂಗಳಿಗೊಂದ್ಸಲ ಹೊಸಬಳು ತಾತ. ಮುದುಕ ನಿಂತುಬಿಟ್ಟ. ನಿಲ್ಲಬೇಡ ಅಜ್ಜ, ಗಂಟೆ ಸಣ್ಣಗಾಗುತ್ತಿದೆ, ತಂಗಿಯ ಕೈ ಆಗಲೇ ಬಾಗಿಲಿನ ಮೇಲಿತ್ತು, ನಿಂತೇ ಇದ್ದಿದ್ದರೆ ಮುಚ್ಚಿಯೇ ಬಿಡುತ್ತಿದ್ದಳು, ಅವನ ಮುಖದ ಮೇಲೆ, ಅಕ್ಕನ ಮುಖದ ಮೇಲೆ, ಒಂದು ಉಸಿರೂ ಹೆಚ್ಚು ಕಾಯುತ್ತಿರಲಿಲ್ಲ, ಇದು ಅವಳಿಗೆ ಗೊತ್ತು — ಬಟ್ಟೆ ಸಾಕು ತಾಯಿ, ಕೈ ಕೊಡು, ಅಂದ ಮುದುಕ, ನೀರಿಗೇ ಕಾಲಿಟ್ಟ, ಅಕ್ಕನ ತೋಳು ಹಿಡಿದು ನಾಲ್ಕು ಹೆಜ್ಜೆ, ಐದನೆಯದು ಕೆಂಪು ಹಾಸಿನ ಮೇಲೆ, ಆರನೆಯದು ಹೊಸಿಲಾಚೆ, ಗಂಟೆ ನಿಂತಿತು, ಬೀಗ ಬಿತ್ತು.

ಒಳಗೆ ಸದ್ದಿಲ್ಲ, ಇಷ್ಟು ಹೊತ್ತಾಗುವುದೇ ತೊಂಬತ್ತೈದು ತಲೆ ಎಣಿಸಲು, ಅಕ್ಕ ಆ ತುದಿಯಲ್ಲಿ ಬಟ್ಟೆ ಹಿಂಡುತ್ತಿದ್ದಾಳೆ, ಏನೋ ಗುನುಗುತ್ತಿದ್ದಾಳೆ — ಆಗ ಮೇಜು ಕುಟ್ಟುವ ಸದ್ದು, ಟೊಳ್ಳು ಸದ್ದು, ಟೊಳ್ಳು, ಬಲಗಡೆಯವು ಗಟ್ಟಿ ಮರ, ಹೀಗೆ ಕೇಳುವುದಿಲ್ಲ, ಈ ಸಲ ಎಡಪಕ್ಕದವರು ಹೆಚ್ಚಿದರೆಂದು ಬಡಗಿ ತೆಳುಹಲಗೆಯ ಮೇಜು ಸೇರಿಸಿದ್ದನಲ್ಲ, ಅದೇ ಸದ್ದು, ಮಸೂದೆ ಗೆದ್ದಿತು, ಒಂದೇ ಒಂದು ಮತದಿಂದ, ಮುಳ್ಳಜ್ಜ ಮೊದಲೇ ತೀರ್ಮಾನಿಸಿದ್ದನೋ, ಅಕ್ಕನ ತೋಳು ಹಿಡಿದ ಮೇಲೋ, ಯಾರಿಗೆ ಗೊತ್ತು, ದೊಡ್ಡವರು ನಾಳೆ ಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಿಸಿಕೊಳ್ಳುತ್ತಾರೆ, ಹಾಕಿಸಿಕೊಳ್ಳಲಿ, ನಗು ಬರುತ್ತಿದೆ. ಅಕ್ಕ ಬಟ್ಟೆ ಹಿಡಿದು ಬಂದು ಹಾಸಿನ ಮೇಲೆ ಬಗ್ಗುತ್ತಾಳೆ, ಗುರುತು ಉಳಿದ್ರೆ ಬೈತಾರೆ ಕಣೇ, ಸರಿ ಆ ಕಡೆ, ಇವಳು ಸರಿಯುವುದಿಲ್ಲ, ಹೊಳೆಯುವ ಬೂಟನ್ನು ಮುಂದಿಟ್ಟು ಅಡ್ಡ ನಿಲ್ಲುತ್ತಾಳೆ, ಇದೊಂದನ್ನ ಬಿಡು ಅಕ್ಕ, ಯಾಕೆ, ಬಿಡು ಅಂದೆ — ಅರ್ಧಚಂದ್ರ, ಪಕ್ಕದಲ್ಲೊಂದು ದುಂಡು ಗುರುತು, ಇನ್ನೂ ಒಣಗಿಲ್ಲ.