ಸ್ಟೇಡಿಯಂ ರಸ್ತೆಯ ನಡಿಗೆ

"ಎಲ್ರೂ ಸ್ವಲ್ಪ ಈ ಕಡೆ ನೋಡಿ," ಎಂದು ನರ್ಸ್ ರಬಾಬ್, ದಿನದ ನಡಿಗೆ ಬರೆದಿಡುವ ನಾಜಿಹಾಳ ಪುಸ್ತಕವನ್ನು ಎತ್ತಿ ಹಿಡಿದಳು. "ನಾಜಿಹಾ ಚಿಕ್ಕಮ್ಮ ಮೂರು ವಾರದಿಂದ ಒಂದು ದಿನಾನೂ ತಪ್ಪಿಸಿಲ್ಲ. ಸಂಜೆ ನಲವತ್ತು ನಿಮಿಷ, ಸ್ಟೇಡಿಯಂ ರಸ್ತೇಲಿ."

ಇರ್ಬಿದ್ ಪಟ್ಟಣದ ಆರೋಗ್ಯ ಕೇಂದ್ರದ ಮೇಲಂತಸ್ತಿನಲ್ಲಿ ಕುಳಿತಿದ್ದ ಹನ್ನೊಂದು ಹೆಂಗಸರು ತಿರುಗಿ ನೋಡಿದರು. ಎಲ್ಲರದೂ ಒಂದೇ ಪಾಡು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ. ಅದನ್ನು ಒಳಗೆ ಬಿಟ್ಟುಕೊಳ್ಳದಿರುವುದು ಹೇಗೆಂದು ಪ್ರತಿ ಮಂಗಳವಾರ ಪಾಠ. ನಾಜಿಹಾಳ ಬೆರಳುಗಳು ಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದವು. ಆ ರಸ್ತೆಗೆ ಅವಳು ಕಾಲಿಟ್ಟು ವರ್ಷವೇ ಆಗಿತ್ತು.

ಮೊದಲ ವಾರ ಗಂಡ ಹಿಕ್ಮತ್‌ನನ್ನು ಕೇಳಿದ್ದಳು. "ಕೆಲಸ ಇಲ್ದೆ ಬೀದಿ ಸುತ್ತೋದಾ? ಜನ ಏನಂತಾರೆ? ನಡೀಬೇಕಂದ್ರೆ ಮನೇಲೇ ನಡಿ," ಅಂದಿದ್ದ. ಮನೆಯೆಂದರೆ ಎರಡು ಕೋಣೆ. ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಎರಡು ದಿನ ಸುತ್ತಿ, ತಲೆ ತಿರುಗಿ, ಬಿಟ್ಟಳು. ಪುಸ್ತಕದಲ್ಲಿ ಖಾಲಿ ಸಾಲು ಕಂಡಾಗಲೆಲ್ಲ ಅದೇ ಕಾಯಿಲೆಯಿಂದ ಕಾಲು ಕಳೆದುಕೊಂಡ ತಾಯಿ ನೆನಪಾಗುತ್ತಿದ್ದಳು. ಹೆದರಿ, ನಾಜಿಹಾ ನಡೆದೆನೆಂದೇ ಬರೆದುಬಿಡುತ್ತಿದ್ದಳು.

ಮೆಟ್ಟಿಲಿಳಿಯುವಾಗ ಎದುರು ಓಣಿಯ ಇಬ್ತಿಸಾಮ್ ತೋಳು ಹಿಡಿದಳು. "ಅಕ್ಕಾ, ಇವತ್ತಿಂದ ನಾನೂ ಬರ್ತೀನಿ. ಒಬ್ಳೇ ಹೋಗೋಕೆ ಒಂಥರಾ ಆಗತ್ತೆ. ಐದಕ್ಕೆ ಬರ್ಲಾ?"

"ಇವತ್ತು ಬಿಸಿಲು ಜಾಸ್ತಿ ಕಣೆ."

"ದಿನಾ ಇರೋ ಬಿಸಿಲೇ ತಾನೆ?"

ಐದಕ್ಕೆ ಅವಳು ಬಾಗಿಲು ಬಡಿಯುವ ಹೊತ್ತಿಗೆ ನಾಜಿಹಾ ಮೂರು ಸಲ ಚಪ್ಪಲಿ ಮೆಟ್ಟಿ ಮೂರು ಸಲ ಬಿಟ್ಟಿದ್ದಳು. ಜ್ವರ ಅನ್ನಲೇ? ನೆಂಟರು ಬರುತ್ತಾರೆ ಅನ್ನಲೇ? ಬಾಗಿಲು ತೆರೆದವಳು ಒಂದು ನೆಪವನ್ನೂ ಹೇಳದೆ ನಾಲ್ಕನೇ ಸಲ ಚಪ್ಪಲಿ ಮೆಟ್ಟಿ ಹೊರಟಳು.

ಓಣಿಯ ತುದಿಯಲ್ಲೇ ಹಿಕ್ಮತ್‌ನ ಹಾಸಿಗೆ ಅಂಗಡಿ. ಹೊರಗೆ ಗೆಳೆಯರೊಡನೆ ದಾಳ ಉರುಳಿಸುತ್ತಿದ್ದವನು ತಲೆಯೆತ್ತಿದ.

"ಎಲ್ಲಿಗೆ?"

"ನಡೆಯೋಕೆ."

ಗೆಳೆಯನೊಬ್ಬ ನಕ್ಕ. "ಹಿಕ್ಮತ್, ಮನೆಯವರು ಓಡಿಹೋಗ್ತಿದಾರೆ ನೋಡಪ್ಪ."

ಹಿಕ್ಮತ್ ನಗಲಿಲ್ಲ. "ಊಟ?"

"ಬಂದ್ಮೇಲೆ ಮಾಡ್ತೀನಿ."

ದಾಳ ಅವನ ಮುಷ್ಟಿಯಲ್ಲೇ ಉಳಿಯಿತು. ನಾಜಿಹಾ ತಿರುಗಿ ನೋಡದೆ, ಇಬ್ತಿಸಾಮ್‌ಗೆ ಏದುಸಿರು ಬರುವಷ್ಟು ಬಿರುಸಾಗಿ ನಡೆದಳು.

ಸ್ಟೇಡಿಯಂ ತಿರುವಿನಲ್ಲಿ ರಸ್ತೆಯೇ ಇರಲಿಲ್ಲ. ಕೊಳವೆ ಹೂಳಲು ಅಡ್ಡಕ್ಕೆ ಅಗೆದುಬಿಟ್ಟಿದ್ದರು. ಅಗೆದು ತಿಂಗಳುಗಳೇ ಆಗಿರಬೇಕು, ಮಣ್ಣಿನ ಗುಡ್ಡೆಯ ಮೇಲೆ ಆಗಲೇ ಮೊಣಕಾಲೆತ್ತರ ಕಳೆ ಬೆಳೆದು ಒಣಗಿತ್ತು.

ಇಬ್ತಿಸಾಮ್ ಆ ಕಳೆ ನೋಡಿದಳು, ನಾಜಿಹಾಳ ಮುಖ ನೋಡಿದಳು. "ನನ್ನ ಪುಸ್ತಕಾನೂ ಹಂಗೇ ಅಕ್ಕಾ," ಎಂದಳು. "ಸಿಹಿ ಮುಟ್ಟಿಲ್ಲ ಅಂತ ಬರೀತೀನಿ. ನಿನ್ನೆ ಎರಡು ತುಂಡು ಕುನಾಫಾ ತಿಂದೆ."

ನಾಜಿಹಾ ಬಂದ ದಾರಿಯತ್ತ ಒಮ್ಮೆ ನೋಡಿದಳು. "ಈಗ್ಲೇ ವಾಪಸ್ ಹೋದ್ರೆ ಅಂಗಡಿ ಮುಂದೆ ಅವರೆಲ್ಲ ಇನ್ನೂ ಕೂತಿರ್ತಾರೆ," ಎಂದಳು.

ಗುಂಡಿಯ ಮೇಲೆ ಯಾರೋ ಒಂದು ಹಲಗೆ ಹಾಕಿದ್ದರು. ನಾಜಿಹಾ ನಿಲುವಂಗಿಯ ಅಂಚನ್ನು ಎತ್ತಿ ಹಿಡಿದು ಅದರ ಮೇಲೆ ಕಾಲಿಟ್ಟಳು. ಹಲಗೆ ಬಾಗಿತು. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದಳು, ಇಬ್ತಿಸಾಮ್ ಹಿಡಿದುಕೊಂಡಳು.