ಚಾಳೀಸಿನೊಳಗಿನ ನಾಯಿಮರಿ

ಗಜೇಂದ್ರಗಡದಲ್ಲಿ ಬಸ್ಸಿಳಿದು ದವಾಖಾನೆ ಹೊಕ್ಕರೂ ಲಾಲಬಿ ಮೊಮ್ಮಗಳ ಕೈ ಬಿಟ್ಟಿರಲಿಲ್ಲ. ಆರು ವರ್ಷದ ಅಂಜುಮಳ ಮೀನಖಂಡಕ್ಕೆ ಸೂಡಿಯಲ್ಲಿ ನಾಯಿ ಕಚ್ಚಿ ಮೂರು ದಿನವಾಗಿತ್ತು. ಮೊದಲ ಸೂಜಿಗೆ ನಾಲ್ಕು ಜನ ಅವಳನ್ನು ಅದುಮಿ ಹಿಡಿದಿದ್ದರು. ಇವತ್ತು ಎರಡನೆಯದು. ಬಿಡುವಂತಿರಲಿಲ್ಲ; ಹುಚ್ಚುನಾಯಿ ರೋಗ ಹತ್ತಿದರೆ ಆಮೇಲೆ ಮದ್ದಿಲ್ಲವೆಂದು ಲಾಲಬಿಗೆ ಗೊತ್ತಿತ್ತು.

"ಅಂಜಬ್ಯಾಡ್ರಿ ಅಮ್ಮಾ," ಎಂದಳು ನರ್ಸ್ ಪುಷ್ಪಾವತಿ. "ಹುಡುಗರ ಸಲುವಾಗಿ ಹೊಸಾ ಚಾಳೀಸ ಬಂದೈತಿ. ಹಾಕ್ಕೊಂಡ್ರ ಸುತ್ತಲೂ ಬ್ಯಾರೇ ಲೋಕಾನ ಕಾಣತೈತಿ. ಸೂಜಿ ಗೊತ್ತಾಗಂಗಿಲ್ಲ."

ಡಬ್ಬಿಯಂಥ ಕಪ್ಪು ಕನ್ನಡಕ. ಅಂಜುಮ ಹಾಕಿಕೊಂಡು ಅತ್ತಿತ್ತ ಕತ್ತು ಹೊರಳಿಸಿದಳು. ಆಮೇಲೆ ಚಿಟ್ಟನೆ ಚೀರಿ, ಅದನ್ನು ಕಿತ್ತು ಮೇಜಿನಡಿ ಹೊಕ್ಕಳು.

"ನಾನಿ, ಒಳಗ ನಾಯಿ ಐತಿ! ನನ್ನ ಕಡೇನ ಓಡಿ ಬಂತು!"

ಪುಷ್ಪಾವತಿ ನಾಲಿಗೆ ಕಚ್ಚಿಕೊಂಡಳು. ಚಿತ್ರದಲ್ಲಿ ಮಕ್ಕಳಿಗೆ ದವಾಖಾನೆ ತೋರಿಸುತ್ತ ತಿರುಗುವ ನಾಯಿಮರಿ ಅದು. ಬೇರೆ ಚಿತ್ರ ಇರಲಿಲ್ಲ.

"ನಾಯಿ ಕಚ್ಚಿದ ಕೂಸಿಗೆ ನಾಯೀನ ತೋರಿಸಿದ್ಯಲ್ಲವ್ವಾ!" ಎಂದಳು ಲಾಲಬಿ.

"ಹೊರಗ ಎಳೀಲೇನ್ರಿ?" ಎಂದ ದವಾಖಾನೆಯ ಆಳು ಶಿವನಪ್ಪ.

"ಬ್ಯಾಡಪ್ಪಾ. ಇದಾದ ಮ್ಯಾಲೂ ಎರಡು ಸೂಜಿ ಅದಾವ. ಇವತ್ತ ಎಳದ್ರ ಇನ್ನೊಮ್ಮೆ ಈ ಬಾಗಲಾ ದಾಟಂಗಿಲ್ಲ ಆಕಿ." ಲಾಲಬಿ ಕುರ್ಚಿಯಲ್ಲಿ ಕೂತು ಕೈ ಚಾಚಿದಳು. "ಕೊಡಿಲ್ಲೆ. ನಾನ ನೋಡತೀನಿ."

ಕನ್ನಡಕ ಹಾಕಿಕೊಂಡು, ಹುಡುಗಿಯನ್ನು ನಗಿಸಲು ಸುಳ್ಳೇ ಅಂಜಿದಂತೆ ಮಾಡಬೇಕೆಂದಿದ್ದಳು. ಆದರೆ ಮರಿ ನೆಗೆದು ಮೊಣಕಾಲಿಗೇ ಬಂದಾಗ ಎರಡೂ ಕಾಲು ತಾವೇ ಮೇಲೆದ್ದವು.

"ಯಾ ಅಲ್ಲಾ! ಅಂಜುಮಾ, ಬಾರವ್ವಾ, ಬಂತದು!"

ಮೇಜಿನಡಿ ಸದ್ದಾಯಿತು. ಸಣ್ಣ ಕೈಯೊಂದು ಅವಳ ಅಂಗೈಗೆ ಬಂತು.

"ಬಾಲ ಅಲ್ಲಾಡಸ್ತೈತೇನು, ನಾನಿ?"

"ಹೂಂ."

"ಹಂಗಾದ್ರ ಕಚ್ಚಂಗಿಲ್ಲ. ನನ್ನ ಕಚ್ಚಿದ್ದು ಅಲ್ಲಾಡಸಿರಲಿಲ್ಲ." ಹುಡುಗಿ ತೊಡೆಯೇರಿದಳು.

ಈಗ ಹೇಳದೆಯೇ ಸೂಜಿ ಚುಚ್ಚಿಸಿ ಮೋಸ ಮಾಡುವುದು ಸುಲಭವಿತ್ತು. ಲಾಲಬಿಗೆ ಮನಸ್ಸಾಗಲಿಲ್ಲ.

"ಅಂಜುಮಾ, ಸಿಸ್ಟರ್ ಈಗ ಸೂಜಿ ಹಾಕ್ತಾಳ. ನೋವಾಕ್ಕೈತಿ. ಈ ಚಾಳೀಸಿನಾಗ ನನಗ ಹೊರಗಿಂದು ಏನೂ ಕಾಣಂಗಿಲ್ಲ, ಆದ ಮ್ಯಾಲ ನೀನ ಹೇಳಬೇಕ."

ಸ್ಪಿರಿಟ್ಟಿನ ವಾಸನೆ ಬಂತು. ಕಣ್ಣೆದುರು ಮರಿ ಕುಣಿಯುತ್ತಿತ್ತು. ನಿಜವಾದ ಕೂಸು ಏನು ಮಾಡುತ್ತಿದೆಯೋ ಲಾಲಬಿಗೆ ತಿಳಿಯಲಿಲ್ಲ. ತೊಡೆಯ ಮೇಲಿನ ಮೈ ಬಿಗಿಯಾಯಿತು. ಎದ್ದು ಓಡುತ್ತಾಳೋ? ಅಂಗೈಗೆ ಉಗುರು ನಾಟಿತು.

"ಆತೇನ ಕೂಸಾ?"

"ಆತು," ಎಂದಿತು ಅಳುದನಿ. "ತಗೀ ಇನ್ನ."

ಲಾಲಬಿ ಕನ್ನಡಕ ತೆಗೆದಳು. ಅಂಜುಮಳ ಕೆನ್ನೆಯೆಲ್ಲ ಒದ್ದೆ. ತೋಳಿನ ಮೇಲಿನ ಹತ್ತಿಯನ್ನು ಅವಳೇ ಒತ್ತಿ ಹಿಡಿದಿದ್ದಳು.

"ನಾಕ ದಿನಕ್ಕ ಮತ್ತ ಬರ್ರಿ," ಎಂದಳು ಪುಷ್ಪಾವತಿ, ಅಳುಕುತ್ತಲೇ.

"ಬರ್ತೀವ್ರಿ," ಎಂದಳು ಅಂಜುಮ, ಮೂಗೊರೆಸಿಕೊಂಡು. "ನಾನಿಗೆ ಬ್ಯಾರೇ ಏನರ ತೋರಿಸ್ರಿ. ಆಕಿ ನಾಯಿಗೆ ಭಾಳ ಅಂಜತಾಳ."