ಅಪ್ಪ ತೋರಿಸಿದ ಮರ

ಕರಪತ್ರದಲ್ಲಿ ‘ಒಂದು ರಾತ್ರಿಯ ನಿರಾಳ ಪ್ರವಾಸ: ಪುರಾತನ ಕಾಡು, ವೈನ್ ರುಚಿ’ ಎಂದು ಅಚ್ಚಾಗಿದೆ. ಯಾರಿಗೆ ನಿರಾಳವೋ ನನಗಂತೂ ಗೊತ್ತಿಲ್ಲ. ಇಪ್ಪತ್ತಾರು ವರ್ಷದಿಂದ ಈ ಕಾಡಿನಲ್ಲಿ ಗೈಡ್ ಆಗಿದ್ದೇನೆ, ಒಂದು ದಿನವೂ ಸಮಾಧಾನದಿಂದ ಮನೆಗೆ ಹೋದ ನೆನಪಿಲ್ಲ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ‘ಪಟಾಕಿ’ ಎಂದೇ ಕರೆಯುತ್ತಿದ್ದ. ತಮ್ಮನನ್ನು ‘ಡಂಗುರ’ ಎನ್ನುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು.

ಈ ಪ್ರವಾಸದಲ್ಲಿ ಕಾಡು ನನ್ನದು, ವೈನ್ ತಮ್ಮನದು. ಮೊದಲ ದಿನ ಮಧ್ಯಾಹ್ನ ದ್ರಾಕ್ಷಿ ತೋಟದ ಕಲ್ಲಿನ ಕಟ್ಟಡದಲ್ಲಿ ಅವನು ಜನರಿಗೆ ಗ್ಲಾಸು ತಿರುಗಿಸುವುದು, ಮೂಸುವುದು, ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳುವುದು ಎಲ್ಲವನ್ನೂ ಕಲಿಸುತ್ತಾನೆ. ಮರುದಿನ ಬೆಳಿಗ್ಗೆ ನಾನು ಅವರನ್ನು ಕಾಡಿಗೆ ಕರೆದೊಯ್ಯುತ್ತೇನೆ. ಆ ಸಲ ಆರು ಜನ ಬಂದಿದ್ದರು. ಅವರಲ್ಲಿ ಹಲ್ಲಿನ ಡಾಕ್ಟರೊಬ್ಬರು ಇದ್ದರು. ಉಗುಳುವುದರಲ್ಲಿ ಅವರದೇ ಒಳ್ಳೆ ಗುರಿ. ತೋಟದ ಮಾಲೀಕನೂ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ. ಅವನು ಹಾಗೆಲ್ಲ ಬರುವ ಆಸಾಮಿಯಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೂರನೆಯ ಗ್ಲಾಸು ಮುಗಿದ ಮೇಲೆ ತಮ್ಮ ಚಪ್ಪಾಳೆ ತಟ್ಟಿದ.

“ನಾಳೆ ನಿಮಗೊಂದು ವಿಶೇಷ ಇದೆ. ಕಾಡಿಗೆಲ್ಲ ಹಳೇದು ಅಂತ ಇಷ್ಟು ವರ್ಷ ಎಲ್ಲರಿಗೂ ತೋರಿಸ್ತಿದ್ದ ಅಜ್ಜಿ ಮರ ಇದೆಯಲ್ಲ, ಅದು ನಿಜವಾದ ಅಜ್ಜಿ ಅಲ್ಲ. ನಿಜವಾದದ್ದು ಒಳಗಿದೆ. ನಮ್ಮನೆಯವರನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ.”

ಮಾಲೀಕ ಎದ್ದು ನಿಂತ. “ಮುಂದಿನ ವರ್ಷದ ವೈನ್‌ಗೆ ಆ ಮರದ್ದೇ ಲೇಬಲ್. ಬುಡದ ಸುತ್ತ ಕಂಬ ನೆಟ್ಟು ಹಲಗೆಯ ಕಟ್ಟೆ ಹಾಕಿಸಿ, ನೀವು ಅಲ್ಲೇ ಕೂತು ಕುಡಿಯೋ ಹಾಗೆ ಮಾಡ್ತೀವಿ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿ ಬ್ರೆಡ್ಡಿನ ತಟ್ಟೆ ಇತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ, ಇಲ್ಲದಿದ್ದರೆ ಎಸೆದುಬಿಡುತ್ತಿದ್ದೆ.

ಅವನು ಹೇಳಿದ್ದು ಸುಳ್ಳೇನಲ್ಲ. ಕಾಲುದಾರಿಯ ಪಕ್ಕ, ಸುತ್ತ ಕಂಬಿ ಹಾಕಿ, ಎದುರಿಗೆ ಬೋರ್ಡು ನಿಲ್ಲಿಸಿರುವ ಅಜ್ಜಿ ಮರ ಅಸಲಿಯಲ್ಲ. ಎಲ್ಲಕ್ಕಿಂತ ಹಳೆಯ ಮರವನ್ನು ಹೊರಗಿನವರಿಗೆ ತೋರಿಸಬಾರದು ಎಂಬುದು ನಮ್ಮ ಕಸುಬಿನ ಕಟ್ಟಳೆ. ಹಿಂದೊಮ್ಮೆ ತೋರಿಸಿದ್ದರು. ಜನ ಬೇರಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡರು, ಚಾಕುವಿನಲ್ಲಿ ಹೆಸರು ಕೆತ್ತಿದರು, ನೆನಪಿಗಿರಲಿ ಎಂದು ತೊಗಟೆ ಕಿತ್ತುಕೊಂಡು ಹೋದರು. ತುಳಿದೂ ತುಳಿದೂ ಬುಡದ ಮಣ್ಣು ಸಿಮೆಂಟಿನ ಹಾಗಾಯಿತು, ನೀರು ಇಳಿಯಲಿಲ್ಲ. ಸಾವಿರಾರು ವರ್ಷ ಬದುಕಿದ್ದ ಮರ ಎಂಟೇ ವರ್ಷದಲ್ಲಿ ಒಣಗಿತು. ಅದನ್ನು ಕಾಯುತ್ತಿದ್ದವನು ನಮ್ಮಪ್ಪ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಕೆಲಸಕ್ಕೆ ಸೇರಿದ ವಾರ ಅಪ್ಪ ನನ್ನನ್ನು ಕಾಡಿನೊಳಗೆ ಕರೆದೊಯ್ದು, ಉಳಿದದ್ದರಲ್ಲೆಲ್ಲ ಹಳೆಯ ಮರವನ್ನು ತೋರಿಸಿದ. ಅಂಗೈಯನ್ನು ಅದರ ಮೈಗೆ ಒತ್ತಿ, “ತಮ್ಮನಿಗೂ ತೋರಿಸಿದೀನಿ. ಆದ್ರೆ ನೀವಿಬ್ರೂ ಇದರ ವಿಷಯ ಮಾತಾಡ್ಕೋಬೇಡಿ. ಗೋಡೆಗೇ ಕಿವಿ ಇರುತ್ತೆ, ಕಾಡಿಗಿರಲ್ವಾ?” ಎಂದು ಆಣೆ ಹಾಕಿಸಿಕೊಂಡ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ವರ್ಷಕ್ಕೆರಡು ಸಲ ನಾನು ಒಬ್ಬಳೇ ಹೋಗಿ ಆ ಬುಡದಲ್ಲಿ ಕುಳಿತು ಬರುತ್ತೇನೆ. ಜಾಡು ಬೀಳಬಾರದೆಂದು ಪ್ರತಿ ಸಲವೂ ಬೇರೆ ದಿಕ್ಕಿನಿಂದ ಹೋಗುತ್ತೇನೆ. ತಮ್ಮನ ಹತ್ತಿರ ಇಷ್ಟು ವರ್ಷದಲ್ಲಿ ಅದರ ಬಗ್ಗೆ ತುಟಿ ಪಿಟಕ್ಕೆಂದಿಲ್ಲ.

ಜನ ಸ್ನಾನಕ್ಕೆಂದು ಕೋಣೆಗಳಿಗೆ ಹೋದ ಮೇಲೆ ಗ್ಲಾಸು ತೊಳೆಯುವ ಕೋಣೆಯಲ್ಲಿ ಅವನನ್ನು ಹಿಡಿದೆ. ಅವನು ಒಂದೊಂದೇ ಗ್ಲಾಸನ್ನು ಬೆಳಕಿಗೆ ಹಿಡಿದು ಒರೆಸುತ್ತಿದ್ದ.

“ಏನೋ ಅದು? ನಾಚಿಕೆ ಆಗಲ್ವಾ ನಿಂಗೆ?”

“ಮೆಲ್ಲಗೆ ಅಕ್ಕ, ಜನ ಇದಾರೆ.”

“ಇರಲಿ, ಕೇಳಿಸ್ಕೊಳ್ಳಲಿ. ಅಪ್ಪನ ಮುಂದೆ ಆಣೆ ಮಾಡಿದ್ದೆ ನೀನು.”

“ಅಪ್ಪ ಹಾಕಿದ ಆಲದ ಮರ ಅಂತ ನೇಣು ಹಾಕ್ಕೊಳಕ್ಕಾಗುತ್ತಾ?”

“ಅಪ್ಪ ಹಾಕಿದ್ದಲ್ಲವೋ, ಕಾದಿದ್ದು!”

“ಕಟ್ಟೆ ಹಾಕಿದ್ರೆ ಮರಕ್ಕೂ ಒಳ್ಳೇದೇ. ಯಾರೂ ಮಣ್ಣು ತುಳಿಯಲ್ಲ.”

“ಕಟ್ಟೆಯ ಕಂಬ ಎಲ್ಲಿ ನೆಡ್ತಾರೆ? ಆಕಾಶದಲ್ಲಾ? ಬೇರು ಕಡಿದೇ ನೆಡಬೇಕು.”

ಅವನು ಗ್ಲಾಸು ಕೆಳಗಿಟ್ಟ. “ನಂಗೆ ನಲವತ್ತೇಳಾಯ್ತು ಅಕ್ಕ. ಇನ್ನೂ ಯಾರ್‍ಯಾರೋ ಉಗುಳಿದ ಬಕೆಟ್ ಚೆಲ್ತಾ ಇದೀನಿ. ಈ ಕೆಲಸ ಆದ್ರೆ ಮ್ಯಾನೇಜರ್ ಮಾಡ್ತೀನಿ ಅಂದಿದಾರೆ. ನೀನು ಕಾಡಿನ ರಾಣಿ ಥರ ಓಡಾಡ್ಕೊಂಡಿದೀಯ. ನನ್ನ ಹತ್ರ ಏನಿದೆ ಹೇಳು, ಅದೊಂದು ಮರ ಬಿಟ್ರೆ?”

ಆ ಮಾತು ಸ್ವಲ್ಪ ತಟ್ಟಿತು, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. “ಬೇಲಿನೇ ಎದ್ದು ಹೊಲ ಮೇಯ್ತು” ಎಂದು ಹೇಳಿ ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದೆ. ಒಳಗೆ ಒಂದು ಗ್ಲಾಸು ಬಿದ್ದು ಒಡೆದ ಸದ್ದು ಕೇಳಿಸಿತು.

ಬೆಳಗಾಗುವುದರೊಳಗೆ ನಿರ್ಧರಿಸಿದ್ದೆ. ಮರದ ಹತ್ತಿರ ಹೋದ ಕೂಡಲೇ ಬುಡದಲ್ಲಿ ಕುಳಿತುಬಿಡುವುದು. ಕೆಲಸ ಹೋದರೆ ಹೋಗಲಿ, ಎಳೆದು ಎಬ್ಬಿಸುವ ತನಕ ಏಳುವುದಿಲ್ಲ.

ಬೆಳಿಗ್ಗೆ ತಮ್ಮನೂ ಮಾಲೀಕನೂ ನಮ್ಮ ಜೊತೆ ಹೊರಟರು. ಕಾಡಿನಲ್ಲಿ ನನ್ನ ಬಾಯಿ ತನ್ನಷ್ಟಕ್ಕೆ ತಾನು ದಿನದ ಪಾಠ ಒಪ್ಪಿಸಿತು. “ದಪ್ಪ ಇದೆ ಅಂದ ಮಾತ್ರಕ್ಕೆ ವಯಸ್ಸಾಗಿದೆ ಅಂತಲ್ಲ. ನೀರಿನ ಜಾಗದ ಮರ ಬೇಗ ದಪ್ಪ ಆಗುತ್ತೆ. ಕಲ್ಲಿನ ಮೇಲೆ ಬೆಳೆದದ್ದು ಸಾವಿರ ವರ್ಷ ಆದ್ರೂ ಸಣಕಲಾಗೇ ಇರುತ್ತೆ.” ಹಲ್ಲಿನ ಡಾಕ್ಟರು ಹೊಟ್ಟೆ ಸವರಿಕೊಂಡು “ಕೇಳಿಸ್ತಾ?” ಎಂದು ಹೆಂಡತಿಯ ಕಡೆ ನೋಡಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮೂರು ಬಂಡೆಗಳ ಹತ್ತಿರ ಕಾಲುದಾರಿ ಬಿಡಬೇಕು. ಅಲ್ಲಿಂದ ಬಲಕ್ಕೆ ಏರು ಹತ್ತಿದರೆ ಅಪ್ಪನ ಮರ. ಮುಂದೆ ಹೋಗುತ್ತಿದ್ದ ತಮ್ಮ ಎಡಕ್ಕೆ ತಿರುಗಿದ.

ದಾರಿ ಮರೆತಿದ್ದಾನೆ ಎಂದುಕೊಂಡೆ. ಒಳಗೊಳಗೇ ಖುಷಿಯೂ ಆಯಿತು. ಆದರೆ ಅವನ ನಡಿಗೆ ದಾರಿ ಮರೆತವನದಾಗಿರಲಿಲ್ಲ. ಯಾವ ಕೊಂಬೆ ಎತ್ತಬೇಕು, ಯಾವ ಕಲ್ಲು ಅಲುಗುತ್ತದೆ ಎಲ್ಲವೂ ಅವನಿಗೆ ಗೊತ್ತಿತ್ತು. ಕಾಲು ಗಂಟೆಯ ಮೇಲೆ ತಗ್ಗಿನಲ್ಲಿ ಒಂದು ಮರದ ಮುಂದೆ ನಿಂತ. ನಾನು ಎಷ್ಟೋ ಸಲ ದಾಟಿ ಹೋದ ಮರ. ಹಳೆಯದೇ, ಆದರೆ ಅದೇ ಅಜ್ಜಿ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ತಮ್ಮ ಅಂಗೈಯನ್ನು ಅದರ ಮೈಗೆ ಒತ್ತಿದ, ಥೇಟ್ ಅಪ್ಪನ ಹಾಗೆ. ಅವನ ಕಣ್ಣು ಒದ್ದೆಯಾಗಿತ್ತು.

“ಇದೇ” ಎಂದ.

ಅಪ್ಪ ಅವನಿಗೆ ಬೇರೆ ಮರ ತೋರಿಸಿದ್ದ. ಡಂಗುರದ ಕೈಗೆ ಗುಟ್ಟು ಕೊಡಬಾರದೆಂದು ಬೇರೆ ಮರ ತೋರಿಸಿ, ನಮ್ಮಿಬ್ಬರ ಬಾಯಿಗೂ ಬೀಗ ಹಾಕಿದ್ದ. ಮೊದಲು ಎದೆ ಹಗುರಾಯಿತು. ನಾನು ಸುಮ್ಮನಿದ್ದರೆ ಸಾಕು. ನನ್ನ ಮರ ಉಳಿಯುತ್ತದೆ, ತಮ್ಮ ಮ್ಯಾನೇಜರ್ ಆಗುತ್ತಾನೆ, ಅಪ್ಪ ತನ್ನನ್ನು ನಂಬಿದ್ದ ಎಂದುಕೊಂಡೇ ಬದುಕಿರುತ್ತಾನೆ.

ಅಷ್ಟರಲ್ಲಿ ಮಾಲೀಕ ಬುಡದ ಸುತ್ತ ಹೆಜ್ಜೆ ಎಣಿಸತೊಡಗಿದ್ದ. ಕಂಬ ಬರುವ ಕಡೆಯಲ್ಲೆಲ್ಲ ಬೂಟಿನ ಹಿಮ್ಮಡಿಯಿಂದ ಗುರುತು ಮಾಡುತ್ತಿದ್ದ. ಬೇರಿನ ಮೇಲಿನ ಪಾಚಿ ಕಿತ್ತು ಬರುತ್ತಿತ್ತು. “ಗೈಡಮ್ಮ, ಫೋಟೊಗೆ ನೀವೂ ಬನ್ನಿ. ಇದೇ ಅಜ್ಜಿ ತಾನೆ?” ಎಂದ.

“ಅಲ್ಲ” ಎಂದೆ.

ಮರಕ್ಕಾಗಿ ಹಾಗೆಂದೆ ಎಂದರೆ ಅರ್ಧ ಸುಳ್ಳು. ಹಿಂದಿನ ದಿನದಿಂದ ಕುದಿಯುತ್ತಿದ್ದೆ. ತಮ್ಮನ ಮುಖ ಕಪ್ಪಿಡುವುದನ್ನು ನೋಡಬೇಕು ಎಂದೂ ಇತ್ತು.

“ಸುಳ್ಳು ಹೇಳ್ತಿದಾಳೆ” ಎಂದ ತಮ್ಮ. “ಅಪ್ಪನೇ ತೋರಿಸಿದ್ದು ನಂಗೆ.”

“ತೋರಿಸಿ ಏನಂದ? ಅಕ್ಕನಿಗೂ ತೋರಿಸಿದೀನಿ, ಆದ್ರೆ ಅವಳ ಹತ್ರ ಮಾತಾಡಬೇಡ, ಕಾಡಿಗೂ ಕಿವಿ ಇರುತ್ತೆ. ಅಷ್ಟೇ ತಾನೆ?”

“ನಿಂಗ್ಯಾರು ಹೇಳಿದ್ರು?” ಎಂದ.

“ನಂಗೂ ಅದನ್ನೇ ಹೇಳಿದ. ತೋರಿಸಿದ್ದು ಬೇರೆ ಮರ.”

ತಮ್ಮನ ಕೈ ಮರದಿಂದ ಜಾರಿತು. ನಾನು ನೋಡಬೇಕೆಂದಿದ್ದ ಮುಖ ಅದಲ್ಲ. ಎಲ್ಲರೆದುರು ಹೊಡೆತ ತಿಂದ ಏಳು ವರ್ಷದ ಹುಡುಗನ ಮುಖದ ಹಾಗಿತ್ತು.

“ಹಾಗಾದ್ರೆ ಅದನ್ನ ತೋರಿಸಿ” ಎಂದ ಮಾಲೀಕ.

“ತೋರಿಸಲ್ಲ.”

“ಎರಡರಲ್ಲಿ ನಿಜವಾದದ್ದು ಯಾವುದಮ್ಮ?” ಎಂದು ಹಲ್ಲಿನ ಡಾಕ್ಟರು ಮೆಲ್ಲಗೆ ಕೇಳಿದರು.

ನನ್ನದು ಎನ್ನಲು ಹೋದೆ. ಆಗಲೇ ತಲೆಗೆ ಹೊಳೆದದ್ದು. ಪಟಾಕಿಯ ಬಾಯಿಯನ್ನು ಮಾತ್ರ ಅಪ್ಪ ಏಕೆ ನಂಬಬೇಕಿತ್ತು? ಸಿಟ್ಟು ಬಂದಾಗ ನಾನು ಏನು ಬೇಕಾದರೂ ಒದರುತ್ತೇನೆ, ಈಗಷ್ಟೇ ಒದರಿದ್ದೆ. ಎದುರಿನ ಮರ ನನ್ನದಕ್ಕಿಂತ ಒಂದು ಮಾರು ದಪ್ಪವೇ ಇತ್ತು. ದಪ್ಪಕ್ಕೆ ಅರ್ಥವಿಲ್ಲ ಎಂದು ಅರ್ಧ ಗಂಟೆಯ ಹಿಂದೆ ನಾನೇ ಪಾಠ ಹೇಳಿದ್ದೆ.

“ಗೊತ್ತಿಲ್ಲ” ಎಂದೆ.

“ಗೊತ್ತಿಲ್ವಾ?” ಮಾಲೀಕ ಕಿರುಚಿದ. “ಲೇಬಲ್ ಮೇಲೆ ‘ಬಹುಶಃ’ ಅಂತ ಅಚ್ಚು ಹಾಕಿಸ್ಲಾ?” ಅಲ್ಲಿಗೆ ಕಟ್ಟೆಯ ಮಾತು ಮುಗಿಯಿತು. ತಮ್ಮನ ಮ್ಯಾನೇಜರಿಕೆಯೂ ಮುಗಿಯಿತು.

ಪ್ರವಾಸದ ಬಸ್ಸಿನಲ್ಲಿ ಎಲ್ಲರೂ ವಾಪಸು ಹೊರಟೆವು. ಜನರನ್ನು ಇಳಿಸಿದ ಮೇಲೆ ತಮ್ಮ ಬಂದು ನನ್ನ ಪಕ್ಕ ಕುಳಿತ.

“ಅಪ್ಪ ನನ್ನನ್ನ ನಂಬಲಿಲ್ಲ ಅಲ್ವಾ ಅಕ್ಕ?”

“ನನ್ನನ್ನ ನಂಬಿದ್ದ ಅಂತ ಯಾರು ಹೇಳಿದ್ರು? ಆ ಮುದುಕ ಇಬ್ಬರ ಕಿವಿಗೂ ಹೂ ಇಟ್ಟ. ಹನ್ನೊಂದು ವರ್ಷದಿಂದ ಹೋಗಿ ಬರ್ತಿದೀನಿ, ಯಾವುದೋ ಮರದ ಬುಡದಲ್ಲಿ ಕೂತು ಅಪ್ಪಾ ಅಪ್ಪಾ ಅಂತ ಅತ್ತಿದೀನಿ!”

ಡ್ರೈವರ್ ಮಾಮ ಅಪ್ಪನ ಹಳೆಯ ಸ್ನೇಹಿತ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಕನ್ನಡಿಯಲ್ಲಿ ನಮ್ಮನ್ನು ನೋಡಿ, “ನಂಗೆ ತೋರಿಸಿದ್ದು ಹಳ್ಳದ ಆಚೆಯದು” ಎಂದ. “ನಿಮ್ಮಿಬ್ಬರ ಹತ್ರ ಬಾಯಿ ಬಿಡಬೇಡ ಅಂದಿದ್ದ.”

ತಮ್ಮನಿಗೆ ನಗು ಬಂತು. ಕಣ್ಣೀರು ಬರುವವರೆಗೂ ನಕ್ಕ. ನಂತರ ಮೂಗು ಒರೆಸಿಕೊಂಡು, “ಈಗಾದ್ರೂ ಹೇಳಕ್ಕ, ನಿನ್ನದು ಎಲ್ಲಿದೆ?” ಎಂದ.

“ಹೇಳಲ್ಲ” ಎಂದೆ, ಯೋಚಿಸುವ ಮೊದಲೇ.

ಅವನು ನನ್ನನ್ನೇ ನೋಡಿದ. ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕುಳಿತ. ಸತ್ತ ಅಪ್ಪನ ಮೇಲೆ ಅಷ್ಟು ಹೊತ್ತೂ ಉರಿಯುತ್ತಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು, ಅಪ್ಪ ಮಾಡಿದ್ದನ್ನೇ ನಾನೂ ಮಾಡಿದ್ದೆ. ಆದರೂ ಮನೆ ಬರುವವರೆಗೆ ನಾನು ಬಾಯಿ ಬಿಡಲಿಲ್ಲ.